ಗುತ್ತಿಗೆಗೆ ಮೊದಲು ಪಾಲುಪಟ್ಟಿ

ಮಂಗಳೂರಿನ ಬಜ್ಪೆಗೆ ಬರುವ ವಿಮಾನಕ್ಕೆ ಇಳಿಯಲು ಅನುಮತಿ ಕೊಡುವವರು ವಾಯು ಸಂಚಾರ ನಿಯಂತ್ರಣ ಗೋಪುರದಲ್ಲಿ ಕುಳಿತ ಭಾರತೀಯ ವಿಮಾನ ನಿಲ್ದಾಣಗಳ ಪ್ರಾಧಿಕಾರದ, ಅಂದರೆ ಎಎಐನ ಸಿಬ್ಬಂದಿ. ಇಳಿದ ಮೇಲೆ ಪ್ರಯಾಣಿಕರು ಹಾದುಹೋಗುವ ಟರ್ಮಿನಲ್, ಅದರೊಳಗಿನ ಅಂಗಡಿಗಳು, ಹೊರಗಿನ ಪಾರ್ಕಿಂಗ್ ಎಲ್ಲವೂ 2020ರ ಅಕ್ಟೋಬರ್ 31ರಿಂದ ಅದಾನಿ ಸಮೂಹದ ಕೈಯಲ್ಲಿವೆ. ಕಾವಲು ಕೇಂದ್ರೀಯ ಕೈಗಾರಿಕಾ ಭದ್ರತಾ ಪಡೆಯದು. ನೆಲ ಎಎಐ ಹೆಸರಿನಲ್ಲೇ ಇದ್ದು, ಐವತ್ತು ವರ್ಷಕ್ಕೆ ಗುತ್ತಿಗೆಗೆ ಹೋಗಿದೆ. ಟಿಕೆಟ್ ದರದೊಳಗೆ ಸೇರಿಕೊಳ್ಳುವ ಬಳಕೆದಾರರ ಅಭಿವೃದ್ಧಿ ಶುಲ್ಕ ಎಷ್ಟಿರಬೇಕೆಂದು ತೀರ್ಮಾನಿಸುವುದು ದೆಹಲಿಯಲ್ಲಿರುವ ವಿಮಾನ ನಿಲ್ದಾಣಗಳ ಆರ್ಥಿಕ ನಿಯಂತ್ರಣ ಪ್ರಾಧಿಕಾರ. ರನ್‌ವೇ ಉದ್ದವಾಗಬೇಕೆಂದರೆ ಜಮೀನು ಹುಡುಕಬೇಕಾದದ್ದು ರಾಜ್ಯ ಸರ್ಕಾರ. 2010ರ ಮೇ 22ರಂದು 158 ಜನ ಪ್ರಾಣ ಕಳೆದುಕೊಂಡ ವಿಮಾನ ದುರಂತದ ನಂತರ ಈ ಟೇಬಲ್‌ಟಾಪ್ ನಿಲ್ದಾಣದ 2,450 ಮೀಟರ್ ರನ್‌ವೇ ಸಾಕೇ ಎಂಬ ಚರ್ಚೆ ಮತ್ತೆ ಮತ್ತೆ ಎದ್ದಿದೆ. ಆದರೆ ಆ ಪ್ರಶ್ನೆಗೆ ಇದು ನನ್ನ ಹೊಣೆ ಎಂದು ಎದ್ದು ನಿಂತು ಉತ್ತರಿಸಬೇಕಾದ ಒಂದೇ ಒಂದು ಸಂಸ್ಥೆಯನ್ನು ನಮ್ಮ ಈಗಿನ ವ್ಯವಸ್ಥೆ ಗುರುತಿಸಿಲ್ಲ. ನಿಲ್ದಾಣಗಳನ್ನು ಸರ್ಕಾರ ಇಟ್ಟುಕೊಳ್ಳಬೇಕೋ ಖಾಸಗಿಯವರಿಗೆ ಕೊಡಬೇಕೋ ಎಂಬ ಜಗಳದಲ್ಲಿ ಎರಡು ದಶಕ ಕಳೆದಿವೆ. ಅದಕ್ಕಿಂತ ಮೊದಲು ಮುಗಿಸಬೇಕಾದ ಕೆಲಸವೊಂದು ಹಾಗೇ ಉಳಿದಿದೆ: ಎಎಐ ಎಂಬ ಸಂಸ್ಥೆಯೊಳಗೆ ಬೆರೆತುಹೋಗಿರುವ ಕೆಲಸಗಳನ್ನು, ಲೆಕ್ಕಗಳನ್ನು, ಅಧಿಕಾರವನ್ನು ಬೇರೆ ಬೇರೆ ಮಾಡುವುದು.

ಎಎಐ ಹುಟ್ಟಿದ್ದು 1995ರ ಏಪ್ರಿಲ್ 1ರಂದು, ಎರಡು ಸಂಸ್ಥೆಗಳ ವಿಲೀನದಿಂದ. ಮುಂಬೈ, ದೆಹಲಿ, ಕೋಲ್ಕತ್ತ, ಚೆನ್ನೈನಂಥ ಅಂತರರಾಷ್ಟ್ರೀಯ ನಿಲ್ದಾಣಗಳನ್ನು 1972ರಿಂದ ನೋಡಿಕೊಳ್ಳುತ್ತಿದ್ದ ಸಂಸ್ಥೆ ಒಂದು. ದೇಶೀಯ ನಿಲ್ದಾಣಗಳನ್ನೂ ವಾಯು ಸಂಚಾರ ನಿಯಂತ್ರಣವನ್ನೂ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದಿಂದ ಬಿಡಿಸಿ 1986ರಲ್ಲಿ ಕಟ್ಟಿದ ಇನ್ನೊಂದು. ಮೊದಲನೆಯದಕ್ಕೆ ಆದಾಯವಿತ್ತು, ಎರಡನೆಯದಕ್ಕೆ ಹೊರೆಯಿತ್ತು. ಒಂದರ ಗಳಿಕೆಯಿಂದ ಇನ್ನೊಂದು ನಡೆಯಲಿ ಎಂಬ ವಿಲೀನದ ಹಿಂದಿನ ಲೆಕ್ಕಾಚಾರ ಆ ಕಾಲಕ್ಕೆ ತಪ್ಪೇನೂ ಆಗಿರಲಿಲ್ಲ. ದೂರದ ಊರುಗಳಲ್ಲಿ ರನ್‌ವೇಗಳು ಉಳಿದದ್ದು ಆ ಕಾರಣಕ್ಕೇ. ಇಂದು 130ಕ್ಕೂ ಹೆಚ್ಚು ನಿಲ್ದಾಣಗಳು ಎಎಐ ಅಡಿಯಲ್ಲಿವೆ, ಅವುಗಳಲ್ಲಿ ಬಹುಪಾಲು ತಮ್ಮ ಖರ್ಚನ್ನು ತಾವು ದುಡಿಯುವುದಿಲ್ಲ. ಜತೆಗೆ ಸುಮಾರು 28 ಲಕ್ಷ ಚದರ ನಾಟಿಕಲ್ ಮೈಲಿಯಷ್ಟು ಆಕಾಶದಲ್ಲಿ ವಿಮಾನಗಳನ್ನು ನಡೆಸುವ ಹೊಣೆಯೂ ಅದರದೇ. ಹೀಗೆ ಒಂದೇ ಸಂಸ್ಥೆ ನಿಲ್ದಾಣ ಕಟ್ಟುವ ಗುತ್ತಿಗೆದಾರ, ನಡೆಸುವ ಆಡಳಿತಗಾರ, ನೆಲದ ಒಡೆಯ, ಆಕಾಶದ ಸಂಚಾರ ಪೊಲೀಸ್, ಖಾಸಗಿ ನಿಲ್ದಾಣಗಳಲ್ಲಿ ಸಣ್ಣ ಪಾಲುದಾರ, ಸಚಿವಾಲಯದ ಯೋಜನೆಗಳನ್ನು ಜಾರಿಗೊಳಿಸುವ ಕೈ, ಎಲ್ಲವೂ ಆಗಿ ನಿಂತಿದೆ. ಬೆಂಗಳೂರಿನ ಕೆಂಪೇಗೌಡ ನಿಲ್ದಾಣದ ಕಂಪನಿಯಲ್ಲಿ ಶೇ 13ರಷ್ಟು ಷೇರು ಎಎಐ ಬಳಿ ಇದೆ. ಅಲ್ಲಿನ ಗೋಪುರದಲ್ಲೂ ಅದರ ನೌಕರರೇ ಇದ್ದಾರೆ. ಮೈಸೂರು, ಹುಬ್ಬಳ್ಳಿ, ಬೆಳಗಾವಿ, ಕಲಬುರಗಿ ನಿಲ್ದಾಣಗಳನ್ನು ತಾನೇ ನಡೆಸುತ್ತಿದೆ.

ಇಷ್ಟೆಲ್ಲ ಹೊಣೆ ಹೊತ್ತ ಸಂಸ್ಥೆ ಕಂಪನಿ ಕಾಯ್ದೆಯಡಿ ನೋಂದಾಯಿಸಿದ ಕಂಪನಿಯಲ್ಲ. 1994ರ ವಿಶೇಷ ಕಾಯ್ದೆಯಿಂದ ರಚನೆಯಾದ ಶಾಸನಬದ್ಧ ಪ್ರಾಧಿಕಾರ. ಅಧ್ಯಕ್ಷರನ್ನೂ ಎಂಟರಿಂದ ಹದಿನಾಲ್ಕು ಮಂದಿ ಸದಸ್ಯರನ್ನೂ ನೇಮಿಸುವುದು ಕೇಂದ್ರ ಸರ್ಕಾರ. ವಿಮಾನಯಾನ ಸುರಕ್ಷತೆಯ ನಿಯಂತ್ರಕರಾದ ಮಹಾನಿರ್ದೇಶಕರು ಪದನಿಮಿತ್ತ ಅದರ ಸದಸ್ಯರು. ಅಂದರೆ ನಿಲ್ದಾಣಗಳು ನಿಯಮ ಪಾಲಿಸುತ್ತಿವೆಯೇ ಎಂದು ತಪಾಸಣೆ ಮಾಡಬೇಕಾದ ಕಚೇರಿಗೆ ನಿಲ್ದಾಣ ನಡೆಸುವವರ ಮಂಡಳಿಯಲ್ಲೇ ಕುರ್ಚಿ ಇದೆ. ಸರ್ಕಾರ ನೀತಿ ವಿಷಯದಲ್ಲಿ ಕೊಡುವ ನಿರ್ದೇಶನಗಳನ್ನು ಪ್ರಾಧಿಕಾರ ಪಾಲಿಸಲೇಬೇಕು, ಅಗತ್ಯ ಕಂಡರೆ ಸರ್ಕಾರ ಮಂಡಳಿಯನ್ನೇ ಬದಿಗೊತ್ತಬಹುದು. ಅದೇ ಕಾಯ್ದೆಯ ಇನ್ನೊಂದು ಸೆಕ್ಷನ್ ಪ್ರಾಧಿಕಾರ ಸಾಧ್ಯವಾದಷ್ಟೂ ವ್ಯವಹಾರ ತತ್ವಗಳ ಮೇಲೆ ನಡೆಯಬೇಕೆನ್ನುತ್ತದೆ. ಎರಡನ್ನೂ ಒಟ್ಟಿಗೆ ಪಾಲಿಸಲು ಹೊರಟ ಆಡಳಿತಗಾರನ ಸ್ಥಿತಿ ಊಹಿಸಬಹುದು. ಚುನಾವಣೆಗೆ ಮೊದಲು ಒಂದು ಊರಿಗೆ ಟರ್ಮಿನಲ್ ಬೇಕೆಂದು ಆದೇಶ ಬಂದರೆ, ಅದಕ್ಕೆ ತಗಲುವ ಹಣ ಯಾವ ನಿಲ್ದಾಣದ ಪ್ರಯಾಣಿಕರಿಂದ ಬಂತೆಂದು ಬರೆದಿಡುವ ಕಟ್ಟುಪಾಡು ಅವರಿಗಿಲ್ಲ. ಎಲ್ಲವೂ ಒಂದೇ ಗಲ್ಲಾಪೆಟ್ಟಿಗೆಗೆ ಬಂದು ಅಲ್ಲಿಂದಲೇ ಹೋಗುತ್ತದೆ. ನಷ್ಟದ ನಿಲ್ದಾಣ ನಡೆಸುವುದೇ ತಪ್ಪೆಂದು ಯಾರೂ ಹೇಳಬೇಕಿಲ್ಲ. ಆದರೆ ಆ ನಷ್ಟ ಯಾವ ಸಾರ್ವಜನಿಕ ಉದ್ದೇಶಕ್ಕೆ ಆಯಿತು, ಎಷ್ಟಾಯಿತು ಎಂಬುದು ಸಂಸತ್ತಿಗೂ ಜನರಿಗೂ ಗೊತ್ತಿರಬೇಕು.

ಖಾಸಗೀಕರಣದ ಪರವಾಗಿ ಹೇಳುವವರು ದೆಹಲಿ ಮತ್ತು ಮುಂಬೈಯನ್ನು ತೋರಿಸುತ್ತಾರೆ, ಮತ್ತು ಅವರ ಮಾತಿನಲ್ಲಿ ಹುರುಳಿದೆ. 2006ರ ಮೇನಲ್ಲಿ ಈ ಎರಡೂ ನಿಲ್ದಾಣಗಳು ಜಿಎಂಆರ್ ಮತ್ತು ಜಿವಿಕೆ ನೇತೃತ್ವದ ಕಂಪನಿಗಳಿಗೆ ಹೋದಾಗ ಅವುಗಳ ಟರ್ಮಿನಲ್‌ಗಳು ದೇಶದ ಮಾನ ಕಳೆಯುವ ಸ್ಥಿತಿಯಲ್ಲಿದ್ದವು, ಈಗ ಹಾಗಿಲ್ಲ. ಎಎಐ ಎರಡರಲ್ಲೂ ಶೇ 26ರ ಪಾಲು ಉಳಿಸಿಕೊಂಡಿತು. ದೆಹಲಿಯ ಆದಾಯದಲ್ಲಿ ಶೇ 45.99, ಮುಂಬೈಯದರಲ್ಲಿ ಶೇ 38.7 ಅದಕ್ಕೆ ಬರಬೇಕೆಂದು ಒಪ್ಪಂದವಾಯಿತು. ಇಷ್ಟು ದೊಡ್ಡ ಪಾಲು ಸಿಕ್ಕಿದ್ದು ಸಣ್ಣ ಸಾಧನೆಯೇನಲ್ಲ. ಆದರೆ ಹೊಸ ಕಟ್ಟಡಕ್ಕೆ ಹಣ ಕೊಟ್ಟವರು ಯಾರು ಎಂದು ನೋಡಿದರೆ ಚಿತ್ರ ಬದಲಾಗುತ್ತದೆ. 2009ರ ಮಾರ್ಚ್‌ನಿಂದ ದೆಹಲಿಯಿಂದ ಹೊರಡುವ ಪ್ರತಿ ದೇಶೀಯ ಪ್ರಯಾಣಿಕ 200 ರೂಪಾಯಿ, ವಿದೇಶಕ್ಕೆ ಹೊರಟವನು 1,300 ರೂಪಾಯಿ ಅಭಿವೃದ್ಧಿ ಶುಲ್ಕ ಕಟ್ಟಬೇಕಾಯಿತು. 2012ರಲ್ಲಿ ಸಂಸತ್ತಿನ ಮುಂದೆ ಬಂದ ಮಹಾಲೇಖಪಾಲರ ವರದಿಯ ಪ್ರಕಾರ ಈ ಶುಲ್ಕದ ಮೊತ್ತ 3,415 ಕೋಟಿ ರೂಪಾಯಿ. ಎಎಐ ಸೇರಿದಂತೆ ಷೇರುದಾರರೆಲ್ಲ ಹಾಕಿದ ಬಂಡವಾಳ 2,450 ಕೋಟಿ. ಪ್ರಯಾಣಿಕರು ಮಾಲೀಕರಿಗಿಂತ ಹೆಚ್ಚು ಹಣ ಹಾಕಿದರು, ಆದರೆ ಅವರಿಗೆ ಷೇರೂ ಇಲ್ಲ, ಮತವೂ ಇಲ್ಲ. ನಿಯಂತ್ರಣ ಪ್ರಾಧಿಕಾರ ಶುಲ್ಕ ನಿಗದಿ ಮಾಡುವ ಮೊದಲೇ ನಡೆದ ಈ ವಸೂಲಿ ಕಾನೂನುಬದ್ಧವಲ್ಲ ಎಂದು 2011ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ನಿಯಂತ್ರಣ ಕಾಯ್ದೆ ಬಂದದ್ದು 2008ರಲ್ಲಿ, ಪ್ರಾಧಿಕಾರ ರಚನೆಯಾದದ್ದು 2009ರ ಮೇನಲ್ಲಿ, ಅಂದರೆ ನಿಲ್ದಾಣಗಳನ್ನು ಹಸ್ತಾಂತರಿಸಿ ಮೂರು ವರ್ಷವಾದ ಮೇಲೆ. ಒಡೆತನ ಬದಲಾಯಿಸುವ ಅವಸರದಲ್ಲಿ ಕಾವಲುಗಾರನನ್ನು ನೇಮಿಸುವುದೇ ಹಿಂದೆ ಬಿದ್ದಿತ್ತು.

2019ರ ಫೆಬ್ರುವರಿಯ ಎರಡನೇ ಸುತ್ತಿನಲ್ಲಿ ಮಾದರಿ ಬದಲಾಯಿತು. ಆದಾಯದ ಪಾಲಿನ ಬದಲು ಪ್ರತಿ ಪ್ರಯಾಣಿಕನಿಗೆ ಎಎಐಗೆ ಎಷ್ಟು ರೂಪಾಯಿ ಕೊಡುತ್ತೀರಿ ಎಂಬ ಒಂದೇ ಅಂಕಿಯ ಮೇಲೆ ಹರಾಜು ನಡೆಯಿತು. ಕಂಪನಿ ಆದಾಯವನ್ನು ಮರೆಮಾಚಲು ಅವಕಾಶವಿಲ್ಲದ ಈ ಪದ್ಧತಿ ಹಿಂದಿನದಕ್ಕಿಂತ ಪಾರದರ್ಶಕ ಎಂಬುದನ್ನು ಒಪ್ಪಲೇಬೇಕು. ಮಂಗಳೂರಿಗೆ 115, ಅಹಮದಾಬಾದ್‌ಗೆ 177, ತಿರುವನಂತಪುರಕ್ಕೆ 168 ರೂಪಾಯಿ ಹೇಳಿ ಆರಕ್ಕೆ ಆರೂ ನಿಲ್ದಾಣಗಳನ್ನು ಅದಾನಿ ಸಮೂಹ ಗೆದ್ದುಕೊಂಡಿತು. 2006ರಲ್ಲಿ ದೆಹಲಿ, ಮುಂಬೈ ಎರಡೂ ಒಬ್ಬರಿಗೇ ಸಿಗಬಾರದೆಂಬ ಷರತ್ತಿತ್ತು. 2019ರಲ್ಲಿ ಅಂಥ ಮಿತಿ ಇರಲಿಲ್ಲ. ಒಬ್ಬ ಬಿಡ್‌ದಾರನಿಗೆ ಎರಡಕ್ಕಿಂತ ಹೆಚ್ಚು ಬೇಡವೆಂದು ಹಣಕಾಸು ಸಚಿವಾಲಯದ ಆರ್ಥಿಕ ವ್ಯವಹಾರಗಳ ಇಲಾಖೆ ಹೇಳಿದ್ದನ್ನು ಒಪ್ಪಲಿಲ್ಲವೆಂದು ಪತ್ರಿಕೆಗಳು ವರದಿ ಮಾಡಿವೆ. 2021ರ ಜುಲೈನಲ್ಲಿ ಮುಂಬೈ ಕೂಡ ಜಿವಿಕೆಯಿಂದ ಅದೇ ಸಮೂಹಕ್ಕೆ ಬಂತು. ಗೆದ್ದವರ ಸಾಮರ್ಥ್ಯದ ಬಗ್ಗೆ ಇಲ್ಲಿ ತಕರಾರಿಲ್ಲ, ಅವರು ನಿಯಮದ ಪ್ರಕಾರವೇ ಗೆದ್ದಿದ್ದಾರೆ. ತಕರಾರು ನಿಯಮ ಬರೆದವರ ಬಗ್ಗೆ. ಹರಾಜು ಹಾಕುವ ಎಎಐ, ಅದರ ಸಚಿವಾಲಯ, ಆಮೇಲೆ ಗುತ್ತಿಗೆದಾರನ ಕೆಲಸ ಪರಿಶೀಲಿಸಬೇಕಾದ ಎಎಐ, ಎಲ್ಲ ಒಂದೇ ಸೂರಿನಡಿ ಇದ್ದಾಗ, ಮಾರುಕಟ್ಟೆ ಒಬ್ಬರ ಕೈಗೆ ಜಮೆಯಾಗುವುದನ್ನು ತಡೆಯಬೇಕಾದ ಸ್ಥಾನದಲ್ಲಿ ಯಾರೂ ಇರಲಿಲ್ಲ.

ಒಟ್ಟು ಕುಟುಂಬ ಪಾಲಾಗುವಾಗ ಮೊದಲು ಪಾಲುಪಟ್ಟಿ ಬರೆಯುತ್ತಾರೆ: ನೀರಾವರಿ ಗದ್ದೆ ಎಷ್ಟು, ಖುಷ್ಕಿ ಎಷ್ಟು, ಸಾಲ ಎಷ್ಟು, ವಯಸ್ಸಾದವರನ್ನು ನೋಡಿಕೊಳ್ಳುವ ಹೊಣೆ ಯಾರದು. ಎಎಐ ವಿಷಯದಲ್ಲಿ ಆ ಪಟ್ಟಿ ಬರೆಯದೆ ಗದ್ದೆಗಳನ್ನು ಒಂದೊಂದಾಗಿ ಗೇಣಿಗೆ ಕೊಡಲಾಗುತ್ತಿದೆ. 2021ರ ಆಗಸ್ಟ್‌ನ ರಾಷ್ಟ್ರೀಯ ನಗದೀಕರಣ ಯೋಜನೆಯಲ್ಲಿ ಇನ್ನೂ 25 ನಿಲ್ದಾಣಗಳನ್ನು ಪಟ್ಟಿ ಮಾಡಿ, ವಿಮಾನ ನಿಲ್ದಾಣಗಳಿಂದ 20,782 ಕೋಟಿ ರೂಪಾಯಿ ನಿರೀಕ್ಷಿಸಲಾಯಿತು. ಚೆನ್ನೈ, ವಾರಾಣಸಿ, ಕೊಯಮತ್ತೂರು ಇರುವ ಆ ಪಟ್ಟಿಯಲ್ಲಿ ಹುಬ್ಬಳ್ಳಿಯೂ ಇದೆ. ಒಳ್ಳೆಯ ಆದಾಯದವು ಹೋದಂತೆ ಎಎಐ ಬಳಿ ಉಳಿಯುವುದು ನಷ್ಟದವು. ಇದನ್ನು ಅರಿತೇ ಸಣ್ಣ ನಿಲ್ದಾಣಗಳನ್ನು ದೊಡ್ಡವುಗಳ ಜತೆ ಕಟ್ಟಿ ಕೊಡುವ ದಾರಿ ಹುಡುಕಲಾಗಿದೆ, ವಾರಾಣಸಿಯೊಂದಿಗೆ ಕುಶಿನಗರ ಮತ್ತು ಗಯಾ ಸೇರಿಸಿದ ಹಾಗೆ. ಅದಕ್ಕೆ ಬೇಕಾದ ತಿದ್ದುಪಡಿಯೂ 2021ರಲ್ಲಿ ಬಂತು. ಉದ್ದೇಶ ಒಳ್ಳೆಯದೇ. ಆದರೆ ಕುಶಿನಗರ ನಡೆಸಲು ನಿಜಕ್ಕೂ ಎಷ್ಟು ಬೇಕು ಎಂಬುದು ವಾರಾಣಸಿಯ ಬಿಡ್‌ನೊಳಗೆ ಕರಗಿಹೋಗುತ್ತದೆ. ಮೊದಲು ಎಎಐ ಲೆಕ್ಕದಲ್ಲಿ ಕಾಣದ ಹೊರೆ ಈಗ ಗುತ್ತಿಗೆದಾರನ ಲೆಕ್ಕದಲ್ಲಿ ಕಾಣದೆ ಹೋಗುತ್ತದೆ. ಕಾಣುವ ಹೊರೆ ಹೇಗಿರುತ್ತದೆ ಎಂಬುದಕ್ಕೆ ಸಣ್ಣ ಊರುಗಳ ವಿಮಾನ ಸಂಚಾರಕ್ಕೆ ನೆರವು ಕೊಡುವ ಉಡಾನ್ ಯೋಜನೆ ಇದೆ: ಇಂತಿಷ್ಟು ಆಸನಕ್ಕೆ ಇಂತಿಷ್ಟು ನೆರವು, ಮೂರು ವರ್ಷ, ರಾಜ್ಯದ ಪಾಲು ಶೇ 20. ಅದರ ಮಿತಿಯನ್ನು ಬೀದರ್ ಅನುಭವಿಸಿದೆ. ಅಲ್ಲಿ ಸಂಚಾರ ಒಂದು ವರ್ಷಕ್ಕೂ ಹೆಚ್ಚು ಕಾಲ ನಿಂತೇ ಹೋಗಿತ್ತು. ಆದರೂ ಅಲ್ಲಿ ಕೇಳಬಹುದಾದ ಒಂದು ಪ್ರಶ್ನೆ ಇತ್ತು, ಉತ್ತರಿಸಬೇಕಾದವರ ಹೆಸರಿತ್ತು.

ಹೊರದೇಶಗಳ ಅನುಭವದಲ್ಲಿ ಎರಡು ನಮಗೆ ನೇರವಾಗಿ ಸಂಬಂಧಿಸಿದವು. ಬ್ರಿಟನ್ 1987ರಲ್ಲಿ ತನ್ನ ವಿಮಾನ ನಿಲ್ದಾಣ ಪ್ರಾಧಿಕಾರವನ್ನು ಒಡೆಯದೆ ಇಡಿಯಾಗಿ ಷೇರು ಮಾರುಕಟ್ಟೆಗೆ ಕೊಟ್ಟಿತು. ಹೀಥ್ರೂ, ಗ್ಯಾಟ್‌ವಿಕ್, ಸ್ಟ್ಯಾನ್‌ಸ್ಟೆಡ್, ಸ್ಕಾಟ್ಲೆಂಡಿನ ದೊಡ್ಡ ನಿಲ್ದಾಣಗಳು ಒಂದೇ ಖಾಸಗಿ ಕಂಪನಿಯ ಪಾಲಾದವು. 2006ರಲ್ಲಿ ಸ್ಪೇನ್‌ನ ಫೆರೋವಿಯಲ್ ನೇತೃತ್ವದ ಕೂಟ ಅದನ್ನು ಕೊಂಡಿತು. ಈ ಏಕಸ್ವಾಮ್ಯದಿಂದ ಸ್ಪರ್ಧೆಗೆ ಧಕ್ಕೆಯಾಗಿದೆ ಎಂದು ಸ್ಪರ್ಧಾ ಆಯೋಗ 2009ರಲ್ಲಿ ತೀರ್ಪು ಕೊಟ್ಟು, ಗ್ಯಾಟ್‌ವಿಕ್, ಸ್ಟ್ಯಾನ್‌ಸ್ಟೆಡ್ ಮತ್ತು ಗ್ಲಾಸ್ಗೋ-ಎಡಿನ್‌ಬರೊ ಪೈಕಿ ಒಂದನ್ನು ಮಾರಬೇಕೆಂದು ಹೇಳಿತು. ಗ್ಯಾಟ್‌ವಿಕ್ ಅದೇ ವರ್ಷ, ಎಡಿನ್‌ಬರೊ 2012ರಲ್ಲಿ, ಕೋರ್ಟು ಕಟ್ಟಳೆಗಳೆಲ್ಲ ಮುಗಿದು ಸ್ಟ್ಯಾನ್‌ಸ್ಟೆಡ್ 2013ರಲ್ಲಿ ಮಾರಾಟವಾದವು. ಮೊದಲ ದಿನವೇ ಮಾಡಬಹುದಾಗಿದ್ದ ವಿಭಜನೆಗೆ ಕಾಲು ಶತಮಾನ ಹಿಡಿಯಿತು. ಖಾಸಗಿ ಸಮೂಹಗಳು ದೇಶದ ನಿಲ್ದಾಣಗಳನ್ನು ಒಟ್ಟುಗೂಡಿಸಿಕೊಳ್ಳುತ್ತಿರುವ ಈ ಹೊತ್ತಿನಲ್ಲಿ ಭಾರತ ಈ ಅನುಭವವನ್ನು ಗಂಭೀರವಾಗಿ ಓದಬೇಕು.

ಸ್ಪೇನ್ ಬೇರೆ ದಾರಿ ಹಿಡಿಯಿತು, ಅದೂ ತಡವರಿಸಿಯೇ. 2011ರಲ್ಲಿ ಅಲ್ಲಿನ ಸರ್ಕಾರ ಮ್ಯಾಡ್ರಿಡ್ ಮತ್ತು ಬಾರ್ಸಿಲೋನಾ ನಿಲ್ದಾಣಗಳನ್ನು ಪ್ರತ್ಯೇಕವಾಗಿ ಖಾಸಗಿಗೆ ಕೊಡಲು ಹೊರಟಿತ್ತು. ಹೊಸದಾಗಿ ಬಂದ ಸರ್ಕಾರ ಮರುವರ್ಷ ಅದನ್ನು ಕೈಬಿಟ್ಟಿತು. ಬದಲಿಗೆ ನಿಲ್ದಾಣಗಳೆಲ್ಲ ಆಯೆನಾ ಎಂಬ ಕಂಪನಿಯಡಿ ಒಂದು ಜಾಲವಾಗಿ ಉಳಿದವು. ವಾಯು ಸಂಚಾರ ಸೇವೆ ಪೂರ್ಣ ಸರ್ಕಾರಿ ಒಡೆತನದ ಎನೈರ್ ಬಳಿ ಬೇರೆಯಾಗಿ ಉಳಿಯಿತು. 2015ರ ಫೆಬ್ರುವರಿಯಲ್ಲಿ ಆಯೆನಾದ ಶೇ 49ರಷ್ಟು ಷೇರು ಸಾರ್ವಜನಿಕರಿಗೆ, ಒಂದಕ್ಕೆ 58 ಯೂರೊದಂತೆ, ಮಾರಾಟವಾಯಿತು. ಶೇ 51 ಸರ್ಕಾರದ ಬಳಿಯೇ ಉಳಿಯಿತು. ದೊಡ್ಡ ನಿಲ್ದಾಣಗಳ ಗಳಿಕೆಯಿಂದ ಸಣ್ಣವು ನಡೆಯುವುದು ಅಲ್ಲೂ ಉಂಟು, ಆದರೆ ಅದನ್ನು 2014ರ ಕಾನೂನೊಂದು ಬಹಿರಂಗವಾಗಿ ಒಪ್ಪಿದೆ. ದರವನ್ನು ಐದು ವರ್ಷಕ್ಕೊಮ್ಮೆ ಲಿಖಿತ ದಾಖಲೆಯಲ್ಲಿ ಕಟ್ಟಿಹಾಕುತ್ತಾರೆ. 2017ರಿಂದ 2021ರವರೆಗೆ ಪ್ರತಿ ಪ್ರಯಾಣಿಕನಿಂದ ಪಡೆಯುವ ಗರಿಷ್ಠ ಆದಾಯ ವರ್ಷಕ್ಕೆ ಶೇ 2.22ರಂತೆ ಇಳಿಯಬೇಕೆಂದು ಬರೆದಿತ್ತು. ಪ್ರಾದೇಶಿಕ ನಿಲ್ದಾಣಗಳ ಶುಲ್ಕದ ಬಗ್ಗೆ ವಿಮಾನ ಕಂಪನಿಗಳಿಗೆ ಅಲ್ಲೂ ಜಗಳವಿದೆ, ಆ ಜಗಳ ಬಹಿರಂಗವಾಗಿ ನಡೆಯುತ್ತದೆ. ನಮಗೆ ಬೇಕಾದ ಚೌಕಟ್ಟು ಇದಕ್ಕೆ ಹತ್ತಿರದ್ದು. ವಾಯು ಸಂಚಾರ ನಿಯಂತ್ರಣ ಪೂರ್ಣವಾಗಿ ಸರ್ಕಾರದ ಒಡೆತನದ, ಲಾಭಕ್ಕಾಗಿ ದುಡಿಯದ ಪ್ರತ್ಯೇಕ ಸಂಸ್ಥೆಯಾಗಲಿ. ಉಳಿದ ನಿಲ್ದಾಣಗಳು ಕಂಪನಿ ಕಾಯ್ದೆಯಡಿ ಬರಲಿ, ಅರ್ಧಕ್ಕಿಂತ ಹೆಚ್ಚು ಪಾಲು ಸರ್ಕಾರದ್ದಿರಲಿ, ಪ್ರತಿ ನಿಲ್ದಾಣದ ಲೆಕ್ಕ ಬೇರೆ ಬೇರೆಯಾಗಿ ಪ್ರಕಟವಾಗಲಿ. ಸರ್ಕಾರಕ್ಕೆ ನಷ್ಟದ ನಿಲ್ದಾಣ ಬೇಕಿದ್ದರೆ ಕಂಪನಿಯೊಂದಿಗೆ ಒಪ್ಪಂದ ಮಾಡಿಕೊಂಡು ಬಜೆಟ್ಟಿನಿಂದ ಹಣ ಕೊಡಲಿ.

ಆಕಾಶವನ್ನು ನೆಲದಿಂದ ಬೇರೆ ಮಾಡಿದರೆ ಎಎಐಗೆ ಖಚಿತ ಆದಾಯವೊಂದು ತಪ್ಪುತ್ತದೆ, ಅದು ಕುಸಿಯುತ್ತದೆ ಎಂಬ ಆಕ್ಷೇಪವಿದೆ. ಭಾರತದ ಆಕಾಶದಲ್ಲಿ ಹಾದುಹೋಗುವ ವಿಮಾನಗಳು ಕಟ್ಟುವ ಸಂಚಾರ ಶುಲ್ಕ ನಿಜಕ್ಕೂ ದೊಡ್ಡ ಮೊತ್ತ. ಆದರೆ ಆ ಹಣ ಬರುವುದು ರಾಡಾರ್‌ಗೆ, ಸಂವಹನ ಸಾಧನಗಳಿಗೆ, ನಿಯಂತ್ರಕರ ನೇಮಕ ಮತ್ತು ತರಬೇತಿಗೆ. ಅದು ಟರ್ಮಿನಲ್‌ನ ಗಾಜಿನ ಗೋಡೆಗೆ ಹರಿದರೆ ಸುರಕ್ಷತೆಯ ಪಾಲು ಕರಗುತ್ತದೆ. ಕೆನಡಾ 1996ರಲ್ಲಿ ಈ ಸೇವೆಯನ್ನು 150 ಕೋಟಿ ಕೆನಡಿಯನ್ ಡಾಲರ್‌ಗೆ ಷೇರು ಬಂಡವಾಳವೇ ಇಲ್ಲದ, ಲಾಭರಹಿತ ಸಂಸ್ಥೆಗೆ ವಹಿಸಿತು. ವಿಮಾನ ಕಂಪನಿಗಳು, ನೌಕರರು, ಸರ್ಕಾರ ಮೂವರೂ ಅದರ ಮಂಡಳಿಗೆ ನಿರ್ದೇಶಕರನ್ನು ಕಳಿಸುತ್ತಾರೆ. ಬ್ರಿಟನ್ 2001ರಲ್ಲಿ ಇದೇ ಸೇವೆಯಲ್ಲಿ ಅರ್ಧಕ್ಕೂ ಹೆಚ್ಚು ಪಾಲನ್ನು ಸಾಲದ ಹೊರೆಯೊಂದಿಗೆ ಮಾರಿ, ಸೆಪ್ಟೆಂಬರ್ 11ರ ದಾಳಿಯ ನಂತರ ಸಂಚಾರ ಕುಸಿದಾಗ ಅದಕ್ಕೆ ಮತ್ತೆ ಹಣ ಹೊಂದಿಸಬೇಕಾಯಿತು. ಹಾಗಾಗಿ ಈ ಭಾಗದಲ್ಲಿ ಖಾಸಗಿ ಬಂಡವಾಳ ಬೇಡವೆಂಬುದು ನನ್ನ ನಿಲುವು. ರಕ್ಷಣಾ ದೃಷ್ಟಿಯಿಂದಲೂ ಅದು ಸರಿ.

ಇನ್ನೊಂದು ಆಕ್ಷೇಪ ಹೆಚ್ಚು ಗಟ್ಟಿ. ಕಂಪನಿ ಮಾಡಿ ಷೇರು ಮಾರಿದ ಮಾತ್ರಕ್ಕೆ ಸಚಿವಾಲಯ ಕೈ ಹಿಂದೆಗೆಯುತ್ತದೆಯೇ, ಪಟ್ಟಿಯಾದ ಸರ್ಕಾರಿ ಕಂಪನಿಗಳಿಗೂ ಫೋನ್ ಕರೆಗಳು ಬರುತ್ತವಲ್ಲ ಎಂದು ಕೇಳುತ್ತಾರೆ. ಬರುತ್ತವೆ. ಆದರೆ ಅವುಗಳ ಬೆಲೆ ಹೊರಗೆ ಕಾಣುತ್ತದೆ. 2021ರ ಅಕ್ಟೋಬರ್ 28ರಂದು ಐಆರ್‌ಸಿಟಿಸಿ ತನ್ನ ಟಿಕೆಟ್ ಸೇವಾ ಶುಲ್ಕದಲ್ಲಿ ಅರ್ಧವನ್ನು ತನಗೆ ಕೊಡಬೇಕೆಂದು ರೈಲ್ವೆ ಸಚಿವಾಲಯ ತಿಳಿಸಿತು. ಕಂಪನಿ ಆ ವಿಷಯವನ್ನು ಷೇರುಪೇಟೆಗೆ ತಿಳಿಸಲೇಬೇಕಾಯಿತು, ಮರುದಿನ ಬೆಳಿಗ್ಗೆ ಷೇರು ಬೆಲೆ ಪಾತಾಳಕ್ಕಿಳಿಯಿತು, ಅದೇ ದಿನ ಸಚಿವಾಲಯ ಆದೇಶ ಹಿಂದಕ್ಕೆ ಪಡೆಯಿತು. ಎಎಐಗೆ ಅಂಥದೇ ಆದೇಶ ಬಂದರೆ ಅದು ಕಡತದೊಳಗೇ ಉಳಿಯುತ್ತದೆ. ನೌಕರರ ಆತಂಕವೂ ಸುಳ್ಳಲ್ಲ. 2006ರ ಫೆಬ್ರುವರಿಯಲ್ಲಿ ದೆಹಲಿ, ಮುಂಬೈ ಹಸ್ತಾಂತರದ ವಿರುದ್ಧ ದೇಶದಾದ್ಯಂತ ಮುಷ್ಕರ ನಡೆಯಿತು. ನಿಲ್ದಾಣವೊಂದು ಹರಾಜಾದಾಗಲೆಲ್ಲ ಅಲ್ಲಿನ ಸಿಬ್ಬಂದಿ ಹೊಸ ಕಂಪನಿಗೆ ಹೋಗುವುದೋ ಊರು ಬಿಟ್ಟು ವರ್ಗವಾಗುವುದೋ ಎಂಬ ಗೊಂದಲಕ್ಕೆ ಬೀಳುತ್ತಾರೆ. ಒಂದೇ ಸಲ, ಸೇವಾ ಷರತ್ತುಗಳನ್ನು ಕಾನೂನಿನಲ್ಲೇ ಬರೆದು ಮಾಡುವ ಪುನಾರಚನೆ ಈ ಕಂತಿನ ಹಿಂಸೆಗಿಂತ ಮೇಲು.

ರಾಜ್ಯಗಳ ಪಾತ್ರದ ಬಗ್ಗೆ ದೆಹಲಿಯಲ್ಲಿ ಮಾತೇ ಕಡಿಮೆ. ಜಮೀನು ರಾಜ್ಯದ್ದು, ರಸ್ತೆ, ನೀರು, ವಿದ್ಯುತ್ ರಾಜ್ಯದ್ದು, ನಿರ್ಧಾರ ಮಾತ್ರ ಕೇಂದ್ರದ್ದು. ಕೇರಳ ಇದಕ್ಕೆ 1990ರ ದಶಕದಲ್ಲೇ ಉತ್ತರ ಕಂಡುಕೊಂಡಿತು. 1999ರ ಮೇ 25ರಂದು ಉದ್ಘಾಟನೆಯಾದ ಕೊಚ್ಚಿ ನಿಲ್ದಾಣದ ಕಂಪನಿಯಲ್ಲಿ ರಾಜ್ಯ ಸರ್ಕಾರವೇ ದೊಡ್ಡ ಷೇರುದಾರ, ಸಾವಿರಾರು ಅನಿವಾಸಿ ಮಲಯಾಳಿಗಳು ಸಣ್ಣ ಷೇರುದಾರರು. ತಿರುವನಂತಪುರವನ್ನೂ ಅದೇ ರೀತಿ ನಡೆಸಲು ಕೇರಳ ಸರ್ಕಾರಿ ನಿಗಮದ ಮೂಲಕ 135 ರೂಪಾಯಿ ಬಿಡ್ ಹಾಕಿ ಸೋತಿತು, ಕೋರ್ಟಿನಲ್ಲೂ ಸೋತಿತು. ಕರ್ನಾಟಕದ ದಾರಿ ಅರ್ಧಂಬರ್ಧ. ಬೆಂಗಳೂರಿನ ಕಂಪನಿಯಲ್ಲಿ ರಾಜ್ಯದ ಕೆಎಸ್‌ಐಐಡಿಸಿಗೆ ಶೇ 13ರ ಪಾಲು ಮಾತ್ರ. 2023ರಲ್ಲಿ ತೆರೆದ ಶಿವಮೊಗ್ಗ ನಿಲ್ದಾಣವನ್ನು ಅದೇ ನಿಗಮ ತಾನೇ ನಡೆಸುತ್ತಿದೆ. ಆ ಅನುಭವ ಸಣ್ಣದಾದರೂ ಅಮೂಲ್ಯ, ಏಕೆಂದರೆ ಅಲ್ಲಿ ಖರ್ಚೆಷ್ಟು, ಆದಾಯವೆಷ್ಟು ಎಂದು ವಿಧಾನಸಭೆಯಲ್ಲಿ ಕೇಳಬಹುದು.

ಈ ಮಾತುಗಳಿಗೆ ಗಡುವು ಹತ್ತಿರವಾಗುತ್ತಿದೆ. 2004ರ ಜುಲೈನಲ್ಲಿ ಬೆಂಗಳೂರು ನಿಲ್ದಾಣಕ್ಕಾಗಿ ಕೇಂದ್ರ ಸರ್ಕಾರ ಸಹಿ ಹಾಕಿದ ಒಪ್ಪಂದದಲ್ಲಿ, ನಿಲ್ದಾಣ ತೆರೆದ ದಿನದಿಂದ 25 ವರ್ಷ, ಮೈಸೂರು ಮತ್ತು ಹಾಸನ ಬಿಟ್ಟು 150 ಕಿಲೋಮೀಟರ್ ಒಳಗೆ ಇನ್ನೊಂದು ಅಂಥ ನಿಲ್ದಾಣ ಬರಬಾರದೆಂಬ ಷರತ್ತಿದೆ. ಹಳೆಯ ಎಚ್‌ಎಎಲ್ ನಿಲ್ದಾಣ ಮತ್ತೆ ತೆರೆಯುವುದಕ್ಕೂ ಹೊಸೂರಿನ ತಮಿಳುನಾಡು ಯೋಜನೆಗೂ ಅಡ್ಡ ಬಂದಿರುವುದು ಇದೇ. ಷರತ್ತು 2033ರ ಮೇನಲ್ಲಿ ಮುಗಿಯುತ್ತದೆ. ಕನಕಪುರ ರಸ್ತೆ ಮತ್ತು ನೆಲಮಂಗಲ-ಕುಣಿಗಲ್ ರಸ್ತೆ ಬದಿಯ ಜಾಗಗಳನ್ನು ಎಎಐ ತಂಡ 2025ರಲ್ಲಿ ನೋಡಿಹೋಗಿದೆ. ಬೆಂಗಳೂರಿನ ಈಗಿನ ಕಂಪನಿಯಲ್ಲಿ ಷೇರು ಇಟ್ಟುಕೊಂಡಿರುವ ಸಂಸ್ಥೆಯೇ ಅದರ ಪ್ರತಿಸ್ಪರ್ಧಿಯ ಜಾಗಕ್ಕೆ ಅಭಿಪ್ರಾಯ ಕೊಡುತ್ತಿದೆ ಎಂಬುದನ್ನು ಯಾರೂ ವಿಚಿತ್ರವೆಂದು ಭಾವಿಸಿದಂತಿಲ್ಲ. ಎರಡನೇ ನಿಲ್ದಾಣದ ಟೆಂಡರ್ ಬರೆಯುವ ಮೊದಲು ಕರ್ನಾಟಕ ಕೆಲವನ್ನು ಲಿಖಿತವಾಗಿ ಪಡೆಯಬೇಕು: ಜಮೀನಿನ ಮೌಲ್ಯಕ್ಕೆ ತಕ್ಕ ಷೇರು, ಮಂಡಳಿಯಲ್ಲಿ ನಿಜವಾದ ಮತ, ಈಗಿನ ನಿಲ್ದಾಣದ ಒಡೆಯರಿಗೆ ಹೊಸದರಲ್ಲಿ ಪಾಲಿನ ಮಿತಿ, ಸ್ಪರ್ಧೆಯನ್ನು ಕಾಲು ಶತಮಾನ ತಡೆಯುವ ಷರತ್ತು ಮತ್ತೆ ಬಾರದೆಂಬ ಖಾತರಿ. ಹುಬ್ಬಳ್ಳಿ ಹರಾಜಿಗೆ ಬರುವುದಾದರೆ ಅದಕ್ಕೂ ಇದೇ ಅನ್ವಯಿಸಬೇಕು. ಜತೆಗೆ, ಕಳೆದ ಹತ್ತು ವರ್ಷದ ಹುಬ್ಬಳ್ಳಿಯ ಆದಾಯ, ಖರ್ಚು, ಬಂಡವಾಳದ ಪ್ರತ್ಯೇಕ ಲೆಕ್ಕವನ್ನು ಬಿಡ್ ಕರೆಯುವ ಮೊದಲು ಎಎಐ ಕನ್ನಡದಲ್ಲೂ ಪ್ರಕಟಿಸಲಿ.